ತಕ್ಕಡಿ ಸಾಹೇಬನ ತಟ್ಟೆ

ತಟ್ಟೆ ಆ ಬೆಳಿಗ್ಗೆಯೂ ಕೋಣೆಯ ಬಾಗಿಲ ಹೊರಗೆ ಸ್ಟೂಲಿನ ಮೇಲೇ ಇತ್ತು. ಮೇಲೊಂದು ಮುಚ್ಚಳ. ಪಕ್ಕದಲ್ಲಿ ಅವನದೇ ಲೋಟ, ಅವನದೇ ಚಮಚ. ಮನೆಯ ಬೇರೆ ಪಾತ್ರೆಗಳ ಜೊತೆ ಅವು ಬೆರೆಯುವಂತಿರಲಿಲ್ಲ.

ತಕ್ಕಡಿ ಸಾಹೇಬನಿಗೆ ಮೈಯೆಲ್ಲ ಉರಿದುಹೋಯಿತು.

"ಇವತ್ತೂ ಇದೇನಾ? ಊರಿಗೆ ಊರೇ ಮಾಸ್ಕ್ ಕಿತ್ತೆಸೆದು ವರ್ಷವಾಯ್ತು ಕಣೇ!"

ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. "ಇನ್ನೂ ಪೂರ್ತಿ ಹೋಗಿಲ್ಲ," ಎಂದಳು.

ಅವನು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಅಂಗಡಿ ಅಂಗಡಿಗೂ ನುಗ್ಗಿ ತಕ್ಕಡಿ ಪರೀಕ್ಷಿಸಿ, ಗ್ರಾಂ ಲೆಕ್ಕದ ಮೋಸವನ್ನೂ ಹಿಡಿದು ನಿಲ್ಲಿಸುವವನು. 'ತಕ್ಕಡಿ ಸಾಹೇಬ' ಎಂಬ ಹೆಸರಿಟ್ಟವರು ವ್ಯಾಪಾರಿಗಳು. ಅದನ್ನು ಬಿರುದು ಎಂದುಕೊಂಡವನು ಅವನೊಬ್ಬನೇ.

ವೈರಸ್ ಬಂದಾಗಲೂ ಅವನು ತೂಗಿದ್ದೇ ತೂಗಿದ್ದು. ಮಾಸ್ಕ್ ಎಂದರೆ ಹತ್ತು ಗ್ರಾಂ ಬಟ್ಟೆ, ಒಂದು ಕ್ವಿಂಟಾಲ್ ಭಯ. ತರಕಾರಿಯನ್ನು ಸೋಪಿನಲ್ಲಿ ತೊಳೆಯುವವರು ಮೊದಲು ತಮ್ಮ ತಲೆಯೊಳಗಿರುವುದನ್ನು ತೊಳೆದುಕೊಳ್ಳಲಿ. ಲಿಫ್ಟಿನ ಗುಂಡಿಯನ್ನು ಮೊಣಕೈಯಿಂದ ಒತ್ತುವವರು ಸಿಕ್ಕರಂತೂ ಹಬ್ಬ. ಬೇಕೆಂದೇ ಪಕ್ಕಕ್ಕೆ ನಿಂತು ಕೆಮ್ಮುತ್ತಿದ್ದ. ಹೊರಗಿನಿಂದ ಬಂದವನಿಗೆ ಹೆಂಡತಿ "ಕೈ ತೊಳ್ಕೊಳ್ಳಿ" ಎಂದರೆ, ನೇರ ಹೋಗಿ ಅತ್ತೆಯ ಹಾಸಿಗೆಯ ಮೇಲೆ ಕುಳಿತು, "ನಿಮ್ಮ ಮಗಳಿಗೆ ತಲೆ ಕೆಟ್ಟಿದೆ ಅತ್ತೆ," ಎಂದು ನಗುತ್ತಿದ್ದ. ಅಳಿಯ ಮಾತಾಡಿಸಿದನೆಂಬ ಸಂತೋಷಕ್ಕೆ ಆ ಮುದುಕಿಯೂ ನಗುತ್ತಿದ್ದಳು.

ಅವನಿಗೂ ಒಮ್ಮೆ ಜ್ವರ ಬಂತು. ಬರೀ ನೆಗಡಿ ಎಂದ. ಪರೀಕ್ಷೆಗೆ ಹೋಗಲಿಲ್ಲ, ಕೋಣೆಯಲ್ಲೂ ಕೂರಲಿಲ್ಲ. ನಾಲ್ಕೇ ದಿನದಲ್ಲಿ ಚೇತರಿಸಿಕೊಂಡು ಎದೆ ಉಬ್ಬಿಸಿದ. ಅದೇ ಜ್ವರ ಹತ್ತಿ ಆಸ್ಪತ್ರೆಗೆ ಹೋದ ಅತ್ತೆ ಮಾತ್ರ ಮರಳಲಿಲ್ಲ.

"ವಯಸ್ಸಾಗಿತ್ತು," ಎಂದು ಅವನು ತೀರ್ಪು ಕೊಟ್ಟ.

ಹೆಂಡತಿ ಎದ್ದು ತಾಯಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಗಳಕ್ಕೆ ಉತ್ತರಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದವನಿಗೆ ಒಳಗೊಳಗೇ ನಿರಾಸೆಯಾಯಿತು.

ಅವಳ ಎಚ್ಚರಿಕೆಗಳು ಹೆಚ್ಚಿದ್ದು ಆ ದಿನದಿಂದಲೇ. ಅವಳ ಹಾಸಿಗೆ ತಾಯಿಯ ಕೋಣೆಗೆ ಹೋಯಿತು. ಅವನ ಬಟ್ಟೆಗೆ ಬೇರೆ ಬಕೆಟ್ ಬಂತು. ಅವನ ಚಮಚಕ್ಕೆ ಕುದಿಯುವ ನೀರು. ಅವನು ಸೋಫಾದಿಂದ ಎದ್ದರೆ ಅವಳು ಒರೆಸುವ ಬಟ್ಟೆ ಹಿಡಿದು ಬಂದಳೆಂದೇ ಲೆಕ್ಕ. ಮಾತೇನಿದ್ದರೂ ಬಾಗಿಲಿನಾಚೆಯಿಂದ, ಅದೂ ಎರಡೇ ಎರಡು. ಸೋಂಕು ಇಳಿದ ಮೇಲೆ ಅವಳಿಗೊಂದು ಶಿಶುವಿಹಾರದಲ್ಲಿ ಕೆಲಸ ಸಿಕ್ಕಿತು. ಆಗಲೂ ಅವನಿಗೆ ಹೇಳಿದ್ದು ಇಷ್ಟೇ: "ಅಲ್ಲಿಗೆ ಮಾತ್ರ ಬರಬೇಡಿ. ಚಿಕ್ಕ ಮಕ್ಕಳಿರೋ ಜಾಗ."

ಕಚೇರಿಯಲ್ಲಿ ಅವನು ಇದನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದ. ಚಮಚ ಕುದಿಸುವ ದೃಶ್ಯಕ್ಕೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಿಸಿ ಮನೆಗೆ ಬಂದರೆ ಅವನ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಅದು ಅವನಿಗೆ ನೋಯುತ್ತಿತ್ತು. ಹೆಂಡತಿ ಮೊದಲಿನಂತೆ ಎದುರಿಗೆ ಕುಳಿತು ಒಂದು ಹೊತ್ತು ಊಟ ಮಾಡಿದರೆ ಸಾಕಿತ್ತು. ಹಾಗೆಂದು ಬಾಯಿಬಿಟ್ಟು ಕೇಳುವುದಕ್ಕೆ ಮಾತ್ರ ಅವನ ದೊಡ್ಡಸ್ತಿಕೆ ಬಿಡಲಿಲ್ಲ.

ಕೇಳುವ ಬದಲು, ಹೋದ ವಾರ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದ. "ನೋಡು, ನನ್ನ ಮೈಯಲ್ಲಿ ಏನೂ ಇಲ್ಲ. ಈಗೇನಂತೀಯ?"

ಅವಳು ಕಣ್ಣೆತ್ತಿಯೂ ನೋಡಲಿಲ್ಲ. "ನಿಮ್ಮದು ಪರೀಕ್ಷೇಲಿ ಸಿಗೋ ಅಂಥದ್ದಲ್ಲ."

ಇಂಥ ಮೂಢರಿಗೆ ವಿಜ್ಞಾನ ಹೇಳಿ ಫಲವಿಲ್ಲ ಎಂದು ಅವನು ಮೂಗು ಮುರಿದಿದ್ದ.

ಈ ಬೆಳಿಗ್ಗೆ ಅವನ ತಾಳ್ಮೆ ಕೆಟ್ಟಿತು. ತಿಂಡಿ ಮುಟ್ಟದೆ, ಅವಳು ಹೊರಟ ಸ್ವಲ್ಪ ಹೊತ್ತಿಗೆ ತಾನೂ ಹೊರಟ. ಚಿಕ್ಕ ಮಕ್ಕಳಿಂದ ತುಂಬಿದ ಜಾಗದಲ್ಲಿ ಈ ಮಹಾರಾಯಿತಿ ಅದೆಂಥ ಕವಚ ತೊಟ್ಟು ಕೂರುತ್ತಾಳೋ ಕಣ್ಣಾರೆ ನೋಡಿಬಿಡುವುದೆಂದು ನೇರವಾಗಿ ಶಿಶುವಿಹಾರಕ್ಕೇ ನಡೆದ.

ಭುಜದ ಮೇಲೆ ಇಲಾಖೆಯ ಚೀಲ, ಕೊರಳಲ್ಲಿ ಗುರುತಿನ ಚೀಟಿ. ಅದನ್ನು ಕಂಡದ್ದೇ ಶಿಶುವಿಹಾರದ ಯಜಮಾನಿ ಓಡೋಡಿ ಬಂದಳು.

"ತೂಕದ ಇಲಾಖೆಯವ್ರಾ? ನಮ್ಮಲ್ಲಿರೋದು ಮಕ್ಕಳನ್ನ ತೂಗೋ ಮಿಷನ್ ಒಂದೇ ಸಾರ್!"

ತಾನು ಯಾರೆಂದು ಅವನು ಹೇಳಲಿಲ್ಲ. ತನ್ನನ್ನು ಕಂಡು ಜನ ಗಾಬರಿಯಾಗುವುದು ಅವನಿಗೆ ಇಷ್ಟದ ಸಂಗತಿ. "ನೋಡೋಣ," ಎಂದು ಗತ್ತಿನಿಂದ ಒಳಗೆ ನಡೆದವನು ತರಗತಿಯ ಗಾಜಿನ ಕಿಟಕಿಯ ಬಳಿ ಗಕ್ಕನೆ ನಿಂತ.

ಹೆಂಡತಿ ನೆಲದ ಮೇಲೆ ಕುಳಿತಿದ್ದಳು. ಮಾಸ್ಕ್ ಇಲ್ಲ, ಏನೂ ಇಲ್ಲ. ಮೂಗು ಸೋರುತ್ತಿದ್ದ ಮಗುವೊಂದು ಅವಳ ಕೊರಳಿಗೆ ಜೋತುಬಿದ್ದಿತ್ತು. ಇನ್ನೊಂದು ಅವಳ ಕೆನ್ನೆಗೇ ಸೀನಿತು. ಅವಳು ಅದರ ಮೂಗನ್ನು ಬರಿಗೈಯಲ್ಲಿ ಒರೆಸಿ ನಕ್ಕಳು. ಮತ್ತೊಂದು ತಾನು ಚೀಪಿ ಚೀಪಿ ಒದ್ದೆ ಮಾಡಿದ ಬಿಸ್ಕತ್ತನ್ನು ಅವಳ ಬಾಯಿಗೆ ಹಿಡಿಯಿತು. ಅವಳು ಕಚ್ಚಿ ತಿಂದಳು.

ಎಲಾ ಇವಳಾ! ತಕ್ಕಡಿ ಸಾಹೇಬನಿಗೆ ಕುಣಿಯುವಷ್ಟು ಖುಷಿಯಾಯಿತು. ಅವನ ಇಡೀ ನೌಕರಿಯಲ್ಲೇ ಇಂಥ ಸುಳ್ಳು ತೂಕ ಸಿಕ್ಕಿರಲಿಲ್ಲ. ಸಂಜೆ ಮನೆಗೆ ಬರಲಿ, ಅವಳ ಬಾಯಿ ಮುಚ್ಚಿಸುತ್ತೇನೆ; ಇವತ್ತು ರಾತ್ರಿಯ ಊಟ ಎದುರುಬದುರು ಕುಳಿತೇ ಎಂದು ಅವನ ಮನಸ್ಸಿನಲ್ಲೇ ಇತ್ಯರ್ಥವಾಗಿಹೋಯಿತು.

"ಆ ಟೀಚರ್‌ಗೆ ಸೋಂಕಿನ ಭಯಾನೇ ಇಲ್ವಾ?" ಎಂದು ಬೇಕೆಂದೇ ಕೇಳಿದ. "ಮನೇಲಿ ಗಂಡ ಅಂತ ಒಬ್ಬ ಇರ್ತಾನಲ್ಲ, ಪಾಪ, ಅವನ ಗತಿ?"

ಯಜಮಾನಿ ಕಿಟಕಿಯತ್ತ ನೋಡಿ ದನಿ ತಗ್ಗಿಸಿದಳು.

"ಗಂಡ ಎಲ್ಲಿದ್ದಾರೆ ಸಾರ್? ಆ ಕಾಯಿಲೇಲಿ ತಾಯಿ ಹೋದ ದಿನಾನೇ ಅವರೂ ಹೋಗ್ಬಿಟ್ರಂತೆ."