ಹದಿನೇಳನೇ ಮನೆಯ ಅಭಿಪ್ರಾಯ

ಈ ಸೀಮೆ ಪಕ್ಕದ ದೇಶಕ್ಕೆ ಸೇರಬೇಕೇ ಎಂದು ಮನೆಮನೆಗೆ ಹೋಗಿ ಕೇಳಬೇಕಿದ್ದ ಸರ್ವೆಯವನು, ಹೋಟೆಲಿನಲ್ಲಿ ಕೂತೇ, ಕಾಫಿ ಆರುವಷ್ಟರಲ್ಲಿ ಎಲ್ಲರ ಹಾಳೆಯಲ್ಲೂ ತಾನೇ 'ಸೇರಬೇಕು' ಎಂದು ಬರೆದು ಬೀದಿಗೆ ಬೀದಿಯನ್ನೇ ಸೇರಿಸಿಬಿಟ್ಟಿದ್ದ. ನಲವತ್ತು ಮನೆಗೆ ನಾಲ್ಕು ಪೆನ್ನು, ಎರಡು ಕೈ. ಅವನ ಎಡಗೈ ಬರಹ ಕಂಡರೆ ಹಣೆಬರಹ ಬರೆಯುವ ಬ್ರಹ್ಮನೂ ಬೇರೆಯವರದೆಂದು ಸಾಕ್ಷಿ ಹೇಳುತ್ತಿದ್ದ.

ಹದಿನೇಳನೇ ಮನೆಯ ಅಜ್ಜಿ ಎದುರಿಗೆ ಬಂದು ಕೂತಾಗ ಅವಳ ಹಾಳೆಯೇ ಮೇಲಿತ್ತು. ಅವನು ಅದರ ಮೇಲೆ ಅಂಗೈಯಿಟ್ಟ.

"ನೀನು ಬರೋದನ್ನ ಕಾದೂ ಕಾದೂ ನಾನೇ ಬಂದೆ ಕಣಪ್ಪ. ಒಬ್ಬ ಮಗ ಆ ಕಡೆ, ಒಬ್ಬ ಈ ಕಡೆ. ಮೂರು ದಿನ ಯೋಚಿಸಿ ಹಣ್ಣಾದೆ. ಸೇರೋದು ಬೇಡ ಅಂತ ಬರ್ಕೋ. ಹುಟ್ಟಿದಾಗಿಂದ ನನ್ನನ್ನ ಯಾರೂ ಏನೂ ಕೇಳಿರಲಿಲ್ಲ ನೋಡು."

ಅವನು ಬರೆದುಕೊಳ್ಳುವವನಂತೆ ಹಾಳೆಯ ಅಂಚಿನಲ್ಲಿ ಪೆನ್ನಾಡಿಸಿದ.

"ಬರೆದ್ಯಾ? ಎಲ್ಲಿ, ತೋರಿಸು," ಎಂದು ಅಜ್ಜಿ ಕನ್ನಡಕ ಏರಿಸಿಕೊಂಡಳು.

ಎರಡೂ ಕೈಯಲ್ಲಿ ಬರೆಯಬಲ್ಲ ಆ ಮಹಾಶೂರನಿಗೆ ಹಾಳೆಯ ಮೇಲಿಟ್ಟ ಒಂದು ಕೈ ಎತ್ತಲಾಗಲಿಲ್ಲ.