ಕೆರೆಮಣ್ಣಿನ ಒಪ್ಪಿಗೆ

ಪಂದ್ಯದ ಬೆಳಿಗ್ಗೆ ಯಾರನ್ನು ಆಡಿಸಬೇಕೆಂದು ಪಿಚ್ಚನ್ನೇ ಕೇಳುವುದು ಎಲ್ಲ ಮೈದಾನಗಳ ರೂಢಿ. ಮೂವತ್ತೇಳರ ಸ್ಪಿನ್ನರ್ ಗುದ್ಲೆಪ್ಪನನ್ನು ಇಂದು ಕೈಬಿಟ್ಟರೆ ಮತ್ತೆ ಕರೆಯುವವರಿರಲಿಲ್ಲ. ಪಿಚ್ಚಿಗೆ ಹಾಕಿದ್ದು ಅವನೂರಿನ ಕೆರೆಯ ಮಣ್ಣೇ ಆದ್ದರಿಂದ ಧೈರ್ಯವಾಗಿ ಬೂಟು ಕಳಚಿ ಅದರ ಪಕ್ಕ ನಿಂತಿದ್ದ.

ಕ್ಯಾಪ್ಟನ್ ಬಗ್ಗಿ ಕೇಳಿದ: "ಇವರು ಹಾಕಿದ್ರೆ ಚೆಂಡು ತಿರುಗಿಸ್ತೀರಾ?"

"ಇಂವಗಾ?" ಮಣ್ಣು ಗೊಣಗಿತು. "ಸಾಲಿ ತಪ್ಪಿಸಿ ನನ್ನ ದಂಡಿ ಮ್ಯಾಲಿನ ಶೇಂಗಾ ಕದ್ದಾಂವ. ಹೆಸರು ಬಂದ ಮ್ಯಾಲೆ ಊರ ಕಡೆ ಮುಖಾ ಹಾಕಿಲ್ಲ."

ಗುದ್ಲೆಪ್ಪ ತಲೆ ತಗ್ಗಿಸಿದ. "ತಪ್ಪಾತವ್ವ."

"ಸರಿ, ಬೇರೆಯವರನ್ನ ಆಡಿಸ್ತೀನಿ," ಎಂದು ಕ್ಯಾಪ್ಟನ್ ಅವನ ಹೆಸರು ಹೊಡೆದುಹಾಕಲು ಪೆನ್ನು ತೆಗೆದ.

ಮಣ್ಣು ಸಿಡುಕಿತು: "ಏ ತಮ್ಮಾ! ನಮ್ಮ ಹುಡುಗನ್ನ ಬೈಯಾಕ ನಾ ಅದೀನಿ. ತಗದು ಹಾಕಾಕ ನೀ ಯಾವಾಂವ?"