ಬಾಯಿ ತೆರೆದೇ ಉಳಿದ ಹುಲಿ

"ಹುಲಿ ಬಾಯಿ ತೆರೆಯಿತು. ಆಮೇಲೆ?"

ಟೀಚರಮ್ಮ ಕೇಳಿದರು. ಎರಡನೇ ತರಗತಿಗೆ ತರಗತಿಯೇ ಬಾಯಿಗೆ ಬೀಗ ಹಾಕಿಕೊಂಡು ಕೂತಿತು.

ಮೂರು ತಿಂಗಳಿಂದ ಇದೇ ಗೋಳು. ಕಥೆ ಶುರು ಮಾಡಿ ಅಂದರೆ ಪುಟಗಟ್ಟಲೆ ಗೀಚುವ ಮಕ್ಕಳು, ಮುಗಿಸಿ ಅಂದರೆ ಪೆನ್ಸಿಲ್ ಕಚ್ಚಿಕೊಂಡು ಸೂರು ನೋಡುತ್ತವೆ. ರಾಜಕುಮಾರಿ ಬಿದ್ದ ಬಾವಿಯಲ್ಲೇ ಇದ್ದಾಳೆ. ಕಳ್ಳ ಇನ್ನೂ ಗೋಡೆ ಇಳಿದಿಲ್ಲ. ಮುದ್ದು ಮಾಡಿದ್ದಾಯಿತು, ಗದರಿದ್ದಾಯಿತು, ತಾವೇ ಹುಲಿಯಾಗಿ ಮೇಜಿನ ಕೆಳಗೆ ತೆವಳಿದ್ದೂ ಆಯಿತು. ಎಲ್ಲ ನೀರುಪಾಲು.

ಟೀಚರಮ್ಮನಿಗೆ ಅಳು ಬರುವಷ್ಟು ಸಿಟ್ಟು. ಇವತ್ತು ಹೆಡ್ ಮೇಡಂ ಬಂದು ನೋಡುವವರಿದ್ದರು. ಒಂದು ಕಥೆಯಾದರೂ ಮುಗಿದಿದ್ದರೆ ಟೀಚರಮ್ಮನ ಕೆಲಸ ಖಾಯಂ. ಇಲ್ಲದಿದ್ದರೆ ನಾಳೆಯಿಂದ ಬರುವುದೇ ಬೇಡ.

"ಈಜು ಕಲಿಸೋಕೆ ಬಂದಿದ್ರಲ್ಲ, ಆ ಸರ್‌ನ ನೋಡಿ," ಎಂದು ನಿನ್ನೆ ಇದೇ ಬಾಗಿಲಲ್ಲಿ ನಿಂತು ಮೇಡಂ ಚುಚ್ಚಿದ್ದರು. "ಇದೇ ಮಕ್ಕಳು. ಒಂದೇ ತಿಂಗಳಲ್ಲಿ ಕಲಿಸಿದ್ರು, ಮುಗಿಸಿದ್ರು, ಹೋದ್ರು."

ಆ ಸರ್ ಹೋದ ದಿನ ಇಡೀ ತರಗತಿ ಗೋಳೋ ಎಂದು ಅತ್ತಿತ್ತಂತೆ. ತನಗಾಗಿ ಇವು ಒಂದು ಸಾಲೂ ಬರೆಯಲಾರವೇ ಎಂದು ಟೀಚರಮ್ಮನಿಗೆ ಹೊಟ್ಟೆ ಉರಿಯಿತು.

ಅವರು ಬೆಂಚುಗಳ ನಡುವೆ ನಡೆದರು. ತರಗತಿಗೆಲ್ಲ ಚುರುಕಾದ್ದರಿಂದ ಚೂಟಿ ಎಂದೇ ಹೆಸರಾದವಳ ಹಾಳೆಯ ತುಂಬ ರಬ್ಬರಿನ ಪುಡಿ. ಹುಲಿ ಬಾಯಿ ತೆರೆದ ಸಾಲಿನ ಕೆಳಗೆ ಉಜ್ಜಿ ಉಜ್ಜಿ ಹಾಳೆ ತೆಳ್ಳಗಾಗಿತ್ತು. ಪಕ್ಕದವನ ಹಾಳೆಯೂ ಹಾಗೇ. ಬರೆಯಲು ಹೋಗಿ, ಹೊಳೆಯದೆ, ಅಳಿಸಿವೆ ಪಾಪ.

"ಏನಾದ್ರೂ ಬರಿಯೇ ಪುಟ್ಟಿ. ಹುಲಿ ಆಕಳಿಸಿತು ಅಂತಾದ್ರೂ ಬರಿ."

"ನಂಗೆ ಬರಲ್ಲ ಟೀಚರ್." ಚೂಟಿ ತುಟಿ ಬಿಗಿಹಿಡಿದಳು.

ಹೆಡ್ ಮೇಡಂ ಬಂದರು. ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಎಲ್ಲ ಕಥೆಗಳೂ ಅರ್ಧಕ್ಕೇ ನಿಂತಿದ್ದವು.

"ಶಾಲೆ ಬಿಟ್ಟ ಮೇಲೆ ಆಫೀಸಿಗೆ ಬನ್ನಿ," ಎಂದಷ್ಟೇ ಹೇಳಿ ಹೊರಟರು.

ಟೀಚರಮ್ಮ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡರು. ಯಾರೋ ತೋಳು ಜಗ್ಗಿದರು. ನೋಡಿದರೆ ಚೂಟಿ. ಅವಳ ಹಿಂದೆ ಇಡೀ ತರಗತಿ ಗೆದ್ದು ಬಂದವರಂತೆ ಬೀಗುತ್ತಿತ್ತು.

"ನಮಗೆ ಬರಲ್ಲ ಅಂತ ಮೇಡಂ ನಂಬೇಬಿಟ್ರಲ್ವಾ ಟೀಚರ್? ಈಜಿ ತೋರಿಸಿದ್ದಕ್ಕೇ ಆ ಸರ್‌ನ ಕಳಿಸಿಬಿಟ್ರು. ಈ ಸಲ ನಾವು ಏನೂ ತೋರಿಸ್ಲಿಲ್ಲ, ಇನ್ನು ನಿಮ್ಮನ್ನ ಯಾರೂ ಕಳಿಸೋ ಹಾಗಿಲ್ಲ!"